ಹಿಮದ ರಸ್ತೆಗೆ ಗೇಟ್ ಹಾಕೋದು ಯಾರು, ಯಾಕೆ?

ಇದು ಈ ವಾರದ ಮಾತಿನ ಬರಹ ರೂಪ. ಮಾತಾಡುವಾಗ ಬಿಟ್ಟುಹೋದ ಕೆಲವು ಅಂಕಿಗಳನ್ನು ಸೇರಿಸಿದ್ದೇನೆ, ಉಳಿದದ್ದು ಹೆಚ್ಚುಕಡಿಮೆ ಹಾಗೇ ಇದೆ.

ಪ್ರತಿ ಡಿಸೆಂಬರ್‌ನಲ್ಲೂ ನನಗೆ ಎರಡು ಥರದ ಫೋನ್ ಬರುತ್ತವೆ. ಮೊದಲನೆಯದು, "ಮನಾಲಿಗೆ ಹೊರಟಿದ್ದೀವಿ, ಹಿಮ ಸಿಗುತ್ತಾ?" ಎರಡನೆಯದು ಅಲ್ಲಿಗೆ ಹೋದ ಮೇಲೆ. "ಅಲ್ಲಾರೀ, ನಿನ್ನೆ ಹಿಮ ಬಿದ್ದಾಗ ನಿಲ್ಲಿಸಿದ್ದು ಸರಿ. ಇವತ್ತು ಬಿಸಿಲು ಫಳಫಳ ಅಂತಿದೆ, ಆಕಾಶ ನೀಲಿ. ಆದ್ರೂ ಗಾಡಿ ಬಿಡ್ತಿಲ್ಲ. ಇದೇನು ಆಟ?" ಇವತ್ತಿನ ವಿಷಯ ಈ ಎರಡನೇ ಪ್ರಶ್ನೆ. ನಾನು ಹತ್ತು ಚಳಿಗಾಲ ಹಿಮಾಚಲದ ರಸ್ತೆಗಳ ಮೇಲೆ ಇದೇ ಕೆಲಸ ಮಾಡಿದವನು. ಕಾಗದದಲ್ಲಿ ನನ್ನ ಹುದ್ದೆ ಟೆಕ್ನಿಷಿಯನ್. ನಿಜವಾದ ಕೆಲಸ ಅಂದ್ರೆ ರಸ್ತೆಯ ಮೇಲಿರುವ ಗುಡ್ಡದಲ್ಲಿ ಹಿಮ ಹೇಗೆ ಕೂತಿದೆ ಅಂತ ನೋಡಿ, ಕೆಳಗೆ ಗಾಡಿ ಬಿಡಬಹುದಾ ಬೇಡವಾ ಅಂತ ಹೇಳೋದು.

ಮೊದಲು ಒಂದು ಪದದ ಗೊಂದಲ

ನಮ್ಮ ಪತ್ರಿಕೆಗಳಲ್ಲಿ, ಟಿವಿಯಲ್ಲಿ ಆಕಾಶದಿಂದ ಹಿಮ ಬಿದ್ದರೂ 'ಹಿಮಪಾತ', ಗುಡ್ಡದಿಂದ ಹಿಮ ಜಾರಿ ಬಂದು ಜನ ಸತ್ತರೂ 'ಹಿಮಪಾತ'. ಎರಡೂ ಬೇರೆ ಬೇರೆ. ಒಂದನ್ನು ನೋಡೋಕೆ ನೀವು ದುಡ್ಡು ಕೊಟ್ಟು ಹೋಗ್ತೀರಿ, ಇನ್ನೊಂದನ್ನು ನೋಡುವ ಜಾಗದಲ್ಲಿ ನೀವು ಇರಲೇಬಾರದು. ಹಾಗಾಗಿ ಇಲ್ಲಿ ಆಕಾಶದಿಂದ ಬೀಳೋದು ಹಿಮಪಾತ, ಗುಡ್ಡದಿಂದ ಜಾರೋದು ಹಿಮಕುಸಿತ ಅಂತ ಇಟ್ಟುಕೊಳ್ಳೋಣ. ಅಲ್ಲಿನ ಡ್ರೈವರ್‌ಗಳಂತೂ ಸೀದಾ 'ಅವಲಾಂಚ್' ಅಂತಲೇ ಹೇಳ್ತಾರೆ.

ಕನ್ನಡಿಗರು ಈ ಪದವನ್ನು ಎದೆಗೆ ತಟ್ಟುವ ಹಾಗೆ ಕೇಳಿದ್ದು 2016ರ ಫೆಬ್ರವರಿಯಲ್ಲಿ. ಸಿಯಾಚಿನ್‌ನಲ್ಲಿ ಸುಮಾರು 19,600 ಅಡಿ ಎತ್ತರದ ಠಾಣೆಯ ಮೇಲೆ ಮಂಜುಗಡ್ಡೆಯ ದೊಡ್ಡ ಗೋಡೆ ಕುಸಿದು ಮದ್ರಾಸ್ ರೆಜಿಮೆಂಟ್‌ನ ಹತ್ತು ಯೋಧರು ಸಿಕ್ಕಿಬಿದ್ದರು. ಕುಂದಗೋಳ ತಾಲ್ಲೂಕಿನ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಆರು ದಿನದ ನಂತರ ಜೀವಂತ ಸಿಕ್ಕರು, ಫೆಬ್ರವರಿ 11ರಂದು ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ತೀರಿಕೊಂಡರು. ಹಿಮದಡಿ ಆರು ದಿನ ಉಸಿರು ಹಿಡಿದದ್ದು ಅಪರೂಪದಲ್ಲಿ ಅಪರೂಪ. ಸಾಮಾನ್ಯವಾಗಿ ಲೆಕ್ಕ ಇರೋದು ದಿನಗಳಲ್ಲಲ್ಲ, ನಿಮಿಷಗಳಲ್ಲಿ. ಪೂರ್ತಿ ಹೂತುಹೋದವರನ್ನು ಮೊದಲ ಹತ್ತು ಹದಿನೈದು ನಿಮಿಷದಲ್ಲಿ ತೆಗೆದರೆ ಹತ್ತರಲ್ಲಿ ಒಂಬತ್ತು ಜನ ಉಳಿಯುತ್ತಾರೆ. ಮೂವತ್ತೈದು ನಿಮಿಷ ಆಯ್ತು ಅಂದ್ರೆ ಮೂವರಲ್ಲಿ ಒಬ್ಬರು ಉಳಿದರೆ ಹೆಚ್ಚು. ಯಾವ ಹೆಲಿಕಾಪ್ಟರ್ ಹದಿನೈದು ನಿಮಿಷದಲ್ಲಿ ಬರುತ್ತೆ ಹೇಳಿ? ಅದಕ್ಕೇ ಈ ಕೆಲಸದ ಮುಕ್ಕಾಲು ಪಾಲು ಕುಸಿತಕ್ಕೆ ಮೊದಲು ನಡೆಯುತ್ತೆ.

ರಾಗಿ ಕಾಳಿನ ಮೇಲೆ ಚಪ್ಪಡಿ ಕಲ್ಲು

ಹಿಮ ಅಂದ್ರೆ ಒಂದೇ ಬಿಳಿ ರಾಶಿ ಅಂತ ನಮಗನ್ನಿಸುತ್ತೆ. ಅಲ್ಲ. ಪ್ರತಿ ಸಲ ಬಿದ್ದ ಹಿಮ ಒಂದೊಂದು ಪದರ. ನವೆಂಬರ್‌ದು ಕೆಳಗೆ, ಡಿಸೆಂಬರ್‌ದು ಅದರ ಮೇಲೆ, ನಿನ್ನೆಯದು ಎಲ್ಲದರ ಮೇಲೆ. ಕೆಲವು ಪದರ ಒಂದಕ್ಕೊಂದು ಚೆನ್ನಾಗಿ ಅಂಟಿಕೊಳ್ಳುತ್ತವೆ, ಕೆಲವು ಅಂಟೋದೇ ಇಲ್ಲ.

ಅಂಟದಿರುವ ಪದರ ಹೇಗೆ ಆಗುತ್ತೆ? ನೆಲದ ಹತ್ತಿರ ಹಿಮದ ಉಷ್ಣಾಂಶ ಹೆಚ್ಚುಕಡಿಮೆ ಸೊನ್ನೆ ಡಿಗ್ರಿ. ಮೇಲೆ ರಾತ್ರಿ ಚಳಿಗೆ ಮೈನಸ್ ಹದಿನೈದು, ಇಪ್ಪತ್ತು. ಹಿಮ ತೆಳ್ಳಗಿದ್ದರೆ ಈ ವ್ಯತ್ಯಾಸ ಕಡಿಮೆ ದಪ್ಪದಲ್ಲೇ ಆಗಿಬಿಡುತ್ತೆ. ಹತ್ತು ಸೆಂಟಿಮೀಟರಿಗೆ ಒಂದು ಡಿಗ್ರಿಗಿಂತ ಹೆಚ್ಚು ವ್ಯತ್ಯಾಸ ಇದ್ದರೆ ಕೆಳಗಿನ ಆವಿ ಮೇಲೆ ಏರುತ್ತಾ, ಹಿಮದ ಕಣಗಳು ಕೋನ ಕೋನವಾಗಿ ಬೆಳೆದು ಸಕ್ಕರೆ ಹರಳಿನ ಹಾಗೆ ಆಗಿಬಿಡುತ್ತವೆ. ಕೈಯಲ್ಲಿ ಹಿಡಿದರೆ ಉಂಡೆ ಕಟ್ಟಲ್ಲ, ಬೆರಳ ಸಂದಿಯಿಂದ ಸುರಿದುಹೋಗುತ್ತೆ. ಲಡಾಖ್ ಕಡೆಯ ಒಣ ಚಳಿಯಲ್ಲಿ, ಕಡಿಮೆ ಹಿಮ ಬೀಳುವ ಕಡೆ, ಇದು ಜಾಸ್ತಿ. ಪೀರ್ ಪಂಜಾಲ್ ಕಡೆ ಚಳಿ ಅಷ್ಟಿಲ್ಲ, ಹಿಮ ಹೆಚ್ಚು. ಅಲ್ಲಿ ತೊಂದರೆ ಮುಖ್ಯವಾಗಿ ಒಂದೇ ಸಲ ಬೀಳುವ ಹೊಸ ಹಿಮದ ಭಾರದಿಂದ.

ಈಗ ಒಂದು ಇಳಿಜಾರು ಹಲಗೆಯ ಮೇಲೆ ರಾಗಿ ಕಾಳು ಹರಡಿ, ಅದರ ಮೇಲೆ ಚಪ್ಪಡಿ ಕಲ್ಲು ಇಟ್ಟಿದ್ದೀರಿ ಅಂತ ಊಹಿಸಿ. ಸುಮ್ಮನೆ ಕೂತಿರುತ್ತೆ. ಒಂದು ಕಡೆ ತಟ್ಟಿದರೆ? ಕಾಳು ಜರುಗುತ್ತೆ, ಇಡೀ ಚಪ್ಪಡಿ ಒಟ್ಟಿಗೇ ಜಾರುತ್ತೆ. ಹಿಮಕುಸಿತಗಳಲ್ಲಿ ಜನರನ್ನು ಹೆಚ್ಚು ಕೊಲ್ಲೋದು ಈ ಚಪ್ಪಡಿ ಥರದ್ದೇ. ಇದಕ್ಕೆ ಇಳಿಜಾರು 30ರಿಂದ 45 ಡಿಗ್ರಿ ಇರಬೇಕು. ಅದಕ್ಕಿಂತ ಕಡಿದಾದ ಕಡೆ ಹಿಮ ನಿಲ್ಲದೆ ಸಣ್ಣ ಸಣ್ಣದಾಗಿ ಉದುರಿಹೋಗುತ್ತೆ, ಅದಕ್ಕಿಂತ ಕಡಿಮೆ ಇದ್ದರೆ ಸಾಮಾನ್ಯವಾಗಿ ಜಾರಲ್ಲ.

ಭಾರ ಎಷ್ಟಿರುತ್ತೆ ಅಂತ ಒಂದು ಲೆಕ್ಕ ಹಾಕೋಣ. ನೂರು ಮೀಟರ್ ಉದ್ದ, ನೂರು ಮೀಟರ್ ಅಗಲ, ಬರೀ ಅರ್ಧ ಮೀಟರ್ ದಪ್ಪದ ಚಪ್ಪಡಿ. ಗಾಳಿ ಒತ್ತಿದ ಹಿಮ ಘನ ಮೀಟರಿಗೆ ಸುಮಾರು 200 ಕೆ.ಜಿ. ಒಟ್ಟು 1,000 ಟನ್. ಹತ್ತು ಟನ್ನಿನ ನೂರು ಲಾರಿ ಲೋಡು ಗಂಟೆಗೆ ನೂರು ಕಿಲೋಮೀಟರ್ ವೇಗದಲ್ಲಿ ನಿಮ್ಮ ಕಾರಿನ ಕಡೆ ಬಂದ ಹಾಗೆ. ನಿಂತ ಮೇಲೆ ಆ ಹಿಮ ಕಾಂಕ್ರೀಟಿನ ಥರ ಗಟ್ಟಿಯಾಗುತ್ತೆ. ಒಳಗಿದ್ದವರಿಗೆ ಬೆರಳು ಅಲ್ಲಾಡಿಸೋಕೂ ಆಗಲ್ಲ.

ಒಂದು ದಿನದ ಕೆಲಸ

ದೆಹಲಿಯವರಿಗೆ ಒಂದು ವಿಷಯ ಗೊತ್ತಿರುತ್ತೆ. ಜನವರಿಯಲ್ಲಿ ಇದ್ದಕ್ಕಿದ್ದ ಹಾಗೆ ಮೋಡ ಕವಿದು ಮಳೆ ಹನಿಯುತ್ತೆ, ವಾರ್ತೆಯಲ್ಲಿ 'ವೆಸ್ಟರ್ನ್ ಡಿಸ್ಟರ್ಬೆನ್ಸ್' ಅಂತಾರೆ. ಮೆಡಿಟರೇನಿಯನ್ ಕಡೆಯಿಂದ ಬರುವ ಈ ಮೋಡದ ಸಾಲು ನಿಮ್ಮ ಬಟ್ಟೆ ಒಣಗದ ಹಾಗೆ ಮಾಡಿದ ಹೊತ್ತಿಗೆ ಮೇಲೆ ನಮಗೆ ರಾತ್ರಿಯಿಡೀ ಹಿಮ ಸುರಿಸುತ್ತಿರುತ್ತೆ.

ಅಂಥ ದಿನ ಬೆಳಗಾಗುವ ಮೊದಲೇ ಎದ್ದು ನೋಡೋದು ಮೂರು ಸಂಗತಿ. ರಾತ್ರಿ ಎಷ್ಟು ಹಿಮ ಬಿತ್ತು, ಗಾಳಿ ಯಾವ ಕಡೆಯಿಂದ ಎಷ್ಟು ಜೋರಾಗಿತ್ತು, ಉಷ್ಣಾಂಶ ಏರ್ತಿದೆಯಾ ಇಳೀತಿದೆಯಾ. ಇಪ್ಪತ್ನಾಲ್ಕು ಗಂಟೆಯಲ್ಲಿ 30 ಸೆಂಟಿಮೀಟರ್ ದಾಟಿತು ಅಂದ್ರೆ ಕಿವಿ ನೆಟ್ಟಗಾಗುತ್ತೆ. ಆದರೆ ಹಿಮಕ್ಕಿಂತ ಗಾಳಿ ಮೋಸಗಾರ. ಗುಡ್ಡದ ಒಂದು ಮಗ್ಗುಲಿಂದ ಹಿಮವನ್ನು ಎತ್ತಿ ಇನ್ನೊಂದು ಮಗ್ಗುಲಿಗೆ ಗುಡ್ಡೆ ಹಾಕುತ್ತೆ. ಅಳತೆ ಕೋಲಿನ ಹತ್ತಿರ ಇಪ್ಪತ್ತು ಸೆಂಟಿಮೀಟರ್ ಅಂತ ತೋರಿಸ್ತಿದ್ದರೆ, ಮೇಲೆ ಗಾಳಿಯ ಮರೆಯಲ್ಲಿ ಎರಡು ಮೀಟರ್ ಕೂತಿರಬಹುದು. ಆಕಾಶ ನೀಲಿಯಾಗಿದ್ದರೂ ಗಾಳಿ ಬೀಸ್ತಾ ಇದ್ದರೆ ಗುಡ್ಡದ ಮೇಲೆ ಹಿಮ 'ಬೀಳ್ತಾನೇ' ಇರುತ್ತೆ. ಬಿಸಿಲು ಬಂದ ಮೇಲೂ ಗೇಟ್ ತೆಗೆಯದಿರೋದಕ್ಕೆ ಇದು ಮೊದಲ ಕಾರಣ. ಎರಡನೆಯದು, ಹೊಸ ಹಿಮದ ಮೇಲೆ ಬಿಸಿಲು ಬಿದ್ದಾಗ ಮೇಲ್ಪದರ ಒದ್ದೆಯಾಗಿ ಭಾರವಾಗುತ್ತೆ. ಬಿರುಗಾಳಿ ನಿಂತ ಮೊದಲ ದಿನ ಫೋಟೋಗೆ ಎಷ್ಟು ಚೆನ್ನಾಗಿರುತ್ತೋ ಗುಡ್ಡದ ಕೆಳಗೆ ಅಷ್ಟೇ ಕೆಟ್ಟದ್ದು.

ಬೆಳಿಗ್ಗೆ ಎಂಟೂವರೆಗೆ, ಸಂಜೆ ಐದೂವರೆಗೆ ನಮ್ಮ ಅಳತೆ ಬರೆದು ಕಳಿಸ್ತಿದ್ದೆವು. ಈ ಥರದ ಅಳತೆಗಳನ್ನು, ತಾನಾಗಿ ಮಾಹಿತಿ ಕಳಿಸುವ ಹವಾಮಾನ ಯಂತ್ರಗಳ ಲೆಕ್ಕವನ್ನು ಒಟ್ಟು ಮಾಡಿ ಎಚ್ಚರಿಕೆ ಹೊರಡಿಸೋದು ಡಿ.ಆರ್.ಡಿ.ಒ. ಅಡಿಯ ಸಂಸ್ಥೆ, ಡಿ.ಜಿ.ಆರ್.ಇ. ಹಳಬರಿಗೆ ಇದು 'ಸಾಸೆ' ಅಂತಲೇ ಗೊತ್ತು. 1969ರಲ್ಲಿ ಮನಾಲಿಯಲ್ಲಿ ಶುರುವಾಯಿತು, 2020ರಲ್ಲಿ ಇನ್ನೊಂದು ಪ್ರಯೋಗಾಲಯದ ಜೊತೆ ಸೇರಿ ಹೊಸ ಹೆಸರಾಯಿತು. ರಸ್ತೆ ಮಾಡೋದು, ಹಿಮ ತೆಗೆಯೋದು ಬಿ.ಆರ್.ಒ. ಅಂದ್ರೆ ಗಡಿ ರಸ್ತೆ ಸಂಸ್ಥೆ. ಗೇಟ್ ಹತ್ತಿರ ನಿಮ್ಮನ್ನು ತಡೆಯೋದು ಪೊಲೀಸರು ಮತ್ತು ಜಿಲ್ಲಾಡಳಿತ. ನೀವು ಬೈಯೋದು ಗೇಟಲ್ಲಿ ನಿಂತ ಆ ಕಾನ್‌ಸ್ಟೆಬಲ್‌ನ. ಆತ ಪಾಪ, ಮೇಲಿನಿಂದ ಬಂದ ಮಾತು ಪಾಲಿಸ್ತಿರ್ತಾನೆ.

ಗುಂಡಿ ತೋಡಿ ನೋಡೋದು

ಯಂತ್ರ ಎಷ್ಟೇ ಇದ್ದರೂ ಗುಂಡಿ ತೋಡದೆ ಗೊತ್ತಾಗಲ್ಲ. ರಸ್ತೆಯ ಮೇಲಿನ ಅಪಾಯದ ಇಳಿಜಾರನ್ನೇ ಹೋಲುವ, ಆದರೆ ಜಾರಿದರೂ ನಮ್ಮನ್ನು ಹೂಳದ ಸಣ್ಣ ಇಳಿಜಾರು ಹುಡುಕಿ, ನೆಲ ಸಿಗುವವರೆಗೆ ತೋಡ್ತೀವಿ. ಗೋಡೆಯನ್ನು ನೇರ ಕೊಯ್ದು, ಹತ್ತು ಸೆಂಟಿಮೀಟರಿಗೊಂದು ಥರ್ಮಾಮೀಟರ್ ಚುಚ್ಚಿ ಉಷ್ಣಾಂಶ ಬರೀತೀವಿ. ಆಮೇಲೆ ಪ್ರತಿ ಪದರದ ಗಟ್ಟಿತನ. ಇದಕ್ಕೆ ಯಂತ್ರ ಬೇಡ, ಕೈ ಸಾಕು. ಮುಷ್ಟಿ ಒಳಗೆ ಹೋದರೆ ತೀರಾ ಮೆದು. ನಾಲ್ಕು ಬೆರಳು, ಒಂದು ಬೆರಳು, ಪೆನ್ಸಿಲ್, ಕೊನೆಗೆ ಚಾಕು ಮಾತ್ರ ಹೋಗುವಷ್ಟು ಗಟ್ಟಿ. ಗಟ್ಟಿ ಪದರದ ಕೆಳಗೆ ಮುಷ್ಟಿ ಹೋಗುವಂಥದ್ದು ಸಿಕ್ಕಿತು ಅಂದ್ರೆ ಅಲ್ಲಿದೆ ನಿಮ್ಮ ರಾಗಿ ಕಾಳು.

ಆಮೇಲೆ ಪರೀಕ್ಷೆ. 30 ಸೆಂಟಿಮೀಟರ್ ಚೌಕದ ಒಂದು ಕಂಬವನ್ನು ಹಿಮದಲ್ಲೇ ಕೊಯ್ದು ಬಿಡಿಸಿ, ಮೇಲೆ ಸಲಿಕೆ ಇಟ್ಟು ತಟ್ಟೋದು. ಮೊದಲ ಹತ್ತು ಏಟು ಮಣಿಕಟ್ಟಿನಿಂದ, ಮುಂದಿನ ಹತ್ತು ಮೊಣಕೈಯಿಂದ, ಕೊನೆಯ ಹತ್ತು ಭುಜದಿಂದ. ಎಷ್ಟನೇ ಏಟಿಗೆ ಯಾವ ಪದರ ಮುರಿಯಿತು, ಒರಟಾಗಿ ಮುರಿಯಿತಾ ಅಥವಾ ಡ್ರಾಯರ್ ಎಳೆದ ಹಾಗೆ ನುಣ್ಣಗೆ ಜಾರಿತಾ, ಎರಡನ್ನೂ ಬರೀಬೇಕು. ಮೂರನೇ ಏಟಿಗೆ ನುಣ್ಣಗೆ ಜಾರಿತು ಅಂದ್ರೆ ಆ ದಿನ ಜಾಸ್ತಿ ಚರ್ಚೆ ಬೇಕಾಗಲ್ಲ.

ಒಂದು ಗುಂಡಿ ಒಂದು ಜಾಗದ ಕಥೆ ಮಾತ್ರ ಹೇಳುತ್ತೆ. ಐವತ್ತು ಮೀಟರ್ ಆಚೆ ಬೇರೆ ಇರಬಹುದು. ಹಾಗಾಗಿ ಪಕ್ಕದ ಇಳಿಜಾರಲ್ಲಿ ಹೊಸದಾಗಿ ಜಾರಿದ್ದು ಕಾಣ್ತಿದೆಯಾ, ಕಾಲಿಟ್ಟಾಗ ಕೆಳಗಿಂದ 'ಧುಮ್' ಅಂತ ಕುಸಿದ ಸದ್ದು ಬಂತಾ, ಬಿರುಕು ಮುಂದಕ್ಕೆ ಓಡಿತಾ, ಇವನ್ನೆಲ್ಲ ಕೂಡಿಸಿ ನೋಡ್ತೀವಿ. ಗುಂಡಿ ಚೆನ್ನಾಗಿದೆ ಅಂದರೂ 'ಧುಮ್' ಕೇಳಿಸಿದರೆ ನಾವು ನಂಬೋದು ಆ ಸದ್ದನ್ನು.

ಹಿಮವನ್ನು ತಡೆಯೋದು, ಬೀಳಿಸೋದು

ಪ್ರತಿ ಕುಸಿತದ ಜಾಗಕ್ಕೂ ಮೂರು ಭಾಗ. ಮೇಲೆ ಹಿಮ ಬಿಟ್ಟುಕೊಳ್ಳುವ ಜಾಗ, ನಡುವೆ ಓಡುವ ದಾರಿ, ಕೆಳಗೆ ಬಂದು ನಿಲ್ಲುವ ಜಾಗ. ನಮ್ಮ ದುರದೃಷ್ಟಕ್ಕೆ ಬಹಳ ಕಡೆ ರಸ್ತೆ ಹೋಗೋದು ಈ ಮೂರನೇ ಜಾಗದಲ್ಲೇ, ಯಾಕಂದ್ರೆ ಅಲ್ಲಿ ನೆಲ ಸ್ವಲ್ಪ ಸಮತಟ್ಟು. ಮೇಲ್ಭಾಗದಲ್ಲಿ ಉಕ್ಕಿನ ಬೇಲಿ, ಬಲೆ ಹಾಕಿ ಹಿಮ ಹೊರಡದ ಹಾಗೇ ಹಿಡಿದಿಡಬಹುದು. ನಡುವೆ ಗೋಡೆ ಕಟ್ಟಿ ದಿಕ್ಕು ತಿರುಗಿಸಬಹುದು. ಕೆಳಗೆ ರಸ್ತೆಗೆ ಇಳಿಜಾರು ಛಾವಣಿ ಹಾಕಿ ಹಿಮ ತಲೆಯ ಮೇಲಿಂದ ಹಾದುಹೋಗುವ ಹಾಗೆ ಮಾಡಬಹುದು. ಇದನ್ನು ಸ್ನೋ ಗ್ಯಾಲರಿ ಅಂತಾರೆ. ಇದ್ಯಾವುದೂ ಬೇಡ ಅಂದ್ರೆ ಸುರಂಗ. 2020ರ ಅಕ್ಟೋಬರ್ 3ರಂದು ಶುರುವಾದ 9.02 ಕಿಲೋಮೀಟರ್ ಉದ್ದದ ಅಟಲ್ ಸುರಂಗ ಬಂದ ಮೇಲೆ 3,978 ಮೀಟರ್ ಎತ್ತರದ ರೋಹ್ತಾಂಗ್ ಹತ್ತಬೇಕಾಗಿಲ್ಲ. ಆದರೆ ಸುರಂಗದ ಒಳಗೆ ಹಿಮ ಬರಲ್ಲ ಅಷ್ಟೇ. ಬಾಯಿಯವರೆಗೆ ಹೋಗುವ ರಸ್ತೆ ಗುಡ್ಡದ ಕೆಳಗೇ ಇದೆ. 'ಸುರಂಗ ಇದೆಯಲ್ಲ, ಮತ್ಯಾಕೆ ಬಂದ್' ಅನ್ನೋರಿಗೆ ಇದೇ ಉತ್ತರ.

ಇನ್ನೊಂದು ದಾರಿ, ಬೇಕಂತಲೇ ಬೀಳಿಸೋದು. ರಸ್ತೆ ಖಾಲಿ ಮಾಡಿಸಿ, ಮೇಲೆ ಸಿಡಿಮದ್ದು ಸಿಡಿಸಿ, ಚಿಕ್ಕದಿರುವಾಗಲೇ ಇಳಿಸಿಬಿಡೋದು. ಕೆನಡಾದ ರೋಜರ್ಸ್ ಪಾಸ್ ಇದಕ್ಕೆ ಹೆಸರಾದದ್ದು. 1910ರ ಮಾರ್ಚ್‌ನಲ್ಲಿ ಅಲ್ಲಿ ರೈಲು ಹಳಿ ಮೇಲೆ ಬಿದ್ದ ಹಿಮವನ್ನು ತೆಗೆಯುತ್ತಿದ್ದ 58 ಕೆಲಸಗಾರರ ಮೇಲೆ ಎದುರು ಗುಡ್ಡದಿಂದ ಎರಡನೇ ಕುಸಿತ ಬಂತು. ಇವತ್ತು ಅದೇ ಕಣಿವೆಯ ಹೆದ್ದಾರಿಯನ್ನು ಕಾಯೋಕೆ ಕೆನಡಾದ ಸೇನೆ 105 ಮಿಲಿಮೀಟರ್ ಫಿರಂಗಿಯಿಂದ ಗುಡ್ಡಕ್ಕೆ ಗುಂಡು ಹೊಡೆಯುತ್ತೆ. ಬೇರೆ ಕಡೆ ಪ್ರೊಪೇನ್, ಆಮ್ಲಜನಕ ಸೇರಿಸಿ ಸ್ಫೋಟಿಸುವ ಕೊಳವೆಗಳನ್ನು ಗುಡ್ಡದ ಮೇಲೇ ನಿಲ್ಲಿಸಿರ್ತಾರೆ, ಕೆಳಗಿಂದ ಗುಂಡಿ ಒತ್ತಿದರೆ ಸಾಕು. ನಮ್ಮಲ್ಲಿ ಹೆಚ್ಚಿನ ಭಾರ ಮುನ್ಸೂಚನೆ, ತಡೆಗೋಡೆ, ರಸ್ತೆ ಬಂದ್, ಈ ಮೂರರ ಮೇಲೆ.

ಬಂದ್ ಮಾಡೋದೂ ಸುಲಭವಲ್ಲ

ಮಳೆಗಾಲದಲ್ಲಿ ಶಿರಾಡಿ ಘಾಟಿ ಬಂದ್ ಆದಾಗ ಮಂಗಳೂರು ಬೆಂಗಳೂರು ನಡುವೆ ಏನಾಗುತ್ತೆ ಅಂತ ನಿಮಗೆ ಗೊತ್ತು. ಆದ್ರೆ ಅಲ್ಲಿ ಚಾರ್ಮಾಡಿ ಇದೆ, ಸಂಪಾಜೆ ಇದೆ, ಸುತ್ತಿಕೊಂಡಾದರೂ ಹೋಗ್ತೀರಿ. ಹಿಮಾಲಯದ ಎಷ್ಟೋ ಕಣಿವೆಗೆ ಎರಡನೇ ದಾರಿ ಇಲ್ಲ. ಸುರಂಗ ಬರುವ ಮೊದಲು ಲಾಹೌಲ್‌ನ ಜನ ವರ್ಷಕ್ಕೆ ಹಲವು ತಿಂಗಳು ಹೊರಗಿನ ರಸ್ತೆ ಸಂಪರ್ಕ ಇಲ್ಲದೇ ಇರ್ತಿದ್ದರು. ಕಾಯಿಲೆ ಆದವರು ಹೆಲಿಕಾಪ್ಟರ್‌ಗೆ ಕಾಯಬೇಕಿತ್ತು. ಹಾಗಾಗಿ 'ಅಪಾಯ ಇರಬಹುದು, ಮುಚ್ಚಿಬಿಡಿ' ಅಂತ ದಿನಾ ಬರೆದು ಕೈ ತೊಳೆದುಕೊಳ್ಳೋದು ಕೆಲಸ ಅಲ್ಲ. ಗೇಟಿನ ಆಚೆ ತರಕಾರಿ ಲಾರಿ ಇರುತ್ತೆ, ಪರೀಕ್ಷೆಗೆ ಹೊರಟ ಮಕ್ಕಳಿರ್ತಾರೆ, ದಿನ ತುಂಬಿದ ಬಸುರಿ ಇರ್ತಾರೆ.

ಇನ್ನೊಂದು ಕಷ್ಟ ಹೊರಗಿನವರಿಗೆ ಕಾಣಲ್ಲ. ಹತ್ತು ಸಲ ಮುಚ್ಚಿಸಿದರೆ ಐದಾರು ಸಲ ಏನೂ ಬೀಳಲ್ಲ. ಚಪ್ಪಡಿ ಜಾರೋಕೆ ತಯಾರಾಗಿತ್ತು, ಆದರೆ ಜಾರಲಿಲ್ಲ. ಜನಕ್ಕೆ ಕಾಣೋದು 'ಏನೂ ಆಗಲಿಲ್ಲ' ಅನ್ನೋದು ಮಾತ್ರ. ಒಬ್ಬ ಲಾರಿ ಡ್ರೈವರ್ ನನಗೆ ನೇರವಾಗಿ ಕೇಳಿದ್ದ, "ಸಾಬ್, ನೀವು ಹೇಳಿದ ಬರ್ಫ್ ಎಲ್ಲಿ? ನನ್ನ ಟೊಮೇಟೊ ಮಾತ್ರ ಕೊಳೀತು." ಅವನ ನಷ್ಟ ಕಣ್ಣೆದುರಿಗಿತ್ತು, ನನ್ನ ಹತ್ತಿರ ತೋರಿಸೋಕೆ ಏನೂ ಇರಲಿಲ್ಲ. ನಾನು ಅವನನ್ನು ಕೂರಿಸಿ ಆ ದಿನದ ಗುಂಡಿಯ ಚಿತ್ರ ತೋರಿಸಿದೆ, ಚಹಾ ಕುಡಿದೆವು. ಅವನಿಗೆ ಪೂರ್ತಿ ಒಪ್ಪಿಗೆ ಆಯ್ತು ಅಂತ ಹೇಳಲಾರೆ. ಆದರೆ ಮುಂದಿನ ಸಲ ಗೇಟ್ ಹತ್ತಿರ ಬಂದಾಗ ಹಾರ್ನ್ ಹೊಡೆಯೋ ಬದಲು ಇಳಿದು ಬಂದು, "ಇವತ್ತು ಗುಂಡಿ ಹೇಗಿದೆ?" ಅಂತ ಕೇಳಿದ.

ಹೆಚ್ಚು ಅಪಾಯ ಯಾರಿಗೆ?

ನೀವು ಒಂದು ಕುಸಿತದ ದಾರಿಯನ್ನು ಕಾರಿನಲ್ಲಿ ದಾಟೋಕೆ ಕೆಲವೇ ಸೆಕೆಂಡು. ರಸ್ತೆ ಮೇಲೆ ಬಿದ್ದ ಹಿಮ ತೆಗೆಯೋ ಕೆಲಸಗಾರ ಅದೇ ಜಾಗದಲ್ಲಿ ಗಂಟೆಗಟ್ಟಲೆ ನಿಂತಿರ್ತಾನೆ. ಡೋಜರ್ ಸದ್ದಿನಲ್ಲಿ ಮೇಲಿನ ಸದ್ದು ಅವನಿಗೆ ಕೇಳಿಸಲ್ಲ. ರೋಜರ್ಸ್ ಪಾಸ್‌ನ ಆ 58 ಜನರ ಕಥೆ ಇದೇ.

ನಮ್ಮಲ್ಲೇ ನೋಡಿ. 2025ರ ಫೆಬ್ರವರಿ 28ರಂದು ಬದರೀನಾಥದ ಹತ್ತಿರ ಮಾಣಾದಲ್ಲಿ ಬಿ.ಆರ್.ಒ. ಶಿಬಿರದ ಮೇಲೆ ಹಿಮ ಕುಸಿಯಿತು. ಉಕ್ಕಿನ ಕಂಟೈನರ್‌ಗಳಲ್ಲಿ ಮಲಗಿದ್ದ ರಸ್ತೆ ಕೆಲಸಗಾರರು ಅದರಲ್ಲಿ ಸಿಕ್ಕಿಬಿದ್ದರು. ಒಟ್ಟು 54 ಜನ. 46 ಜನರನ್ನು ಉಳಿಸಲಾಯಿತು, 8 ಜನ ತೀರಿಕೊಂಡರು. ಹಿಂದಿನ ದಿನವೇ ಆ ಜಿಲ್ಲೆಗೆ ಎಚ್ಚರಿಕೆ ಹೊರಟಿತ್ತು. ಎಚ್ಚರಿಕೆ ಕಾಗದದ ಮೇಲೆ ಇರೋದು ಬೇರೆ, ರಾತ್ರಿ ಮಲಗುವ ಜಾಗ ಬದಲಾಗೋದು ಬೇರೆ. ಈ ಎರಡರ ನಡುವಿನ ದೂರವನ್ನು ಕಡಿಮೆ ಮಾಡೋದೇ ನಮ್ಮಂಥ ಟೆಕ್ನಿಷಿಯನ್‌ಗಳ ದೊಡ್ಡ ಕೆಲಸ ಅಂತ ನನ್ನ ಅಭಿಪ್ರಾಯ. ಅದಕ್ಕೆ ಕೆಲವು ಸಾದಾ ನಿಯಮ ಸಾಕು. ಹಿಮ ತೆಗೆಯುವಾಗ ಒಬ್ಬ ಬೇರೇನೂ ಮಾಡದೆ ಗುಡ್ಡ ನೋಡ್ತಾ ಇರಬೇಕು, ಕೈಯಲ್ಲಿ ಸೀಟಿ, ವೈರ್‌ಲೆಸ್. ಅಪಾಯದ ಜಾಗದಲ್ಲಿ ಒಂದು ಸಲಕ್ಕೆ ಒಂದೇ ಯಂತ್ರ. ಚಹಾ, ಊಟ, ಬೀಡಿ ಎಲ್ಲ ದಾರಿಯಿಂದ ಆಚೆ. ಎಲ್ಲರ ಮೈಮೇಲೆ ಸಿಗ್ನಲ್ ಕಳಿಸುವ ಬೀಕನ್, ಜೊತೆಗೆ ಚುಚ್ಚಿ ಹುಡುಕುವ ಕೋಲು ಮತ್ತು ಸಲಿಕೆ. ಬೀಕನ್ ಮಾತ್ರ ಇದ್ದು ಸಲಿಕೆ ಇಲ್ಲದಿದ್ದರೆ ಹೂತಿರೋ ಜಾಗ ಗೊತ್ತಾಗುತ್ತೆ, ಮನುಷ್ಯ ಸಿಗಲ್ಲ.

ನೀವು ಕಾರಿನಲ್ಲಿದ್ದರೆ

2023ರ ಏಪ್ರಿಲ್ 4ರಂದು ಸಿಕ್ಕಿಂನ ಗ್ಯಾಂಗ್ಟಾಕ್ ನಾಥು ಲಾ ರಸ್ತೆಯಲ್ಲಿ ಏಳು ಪ್ರವಾಸಿಗರು ಹಿಮಕುಸಿತಕ್ಕೆ ಸಿಕ್ಕು ಸತ್ತರು. ಏಪ್ರಿಲ್ ಅಂದ್ರೆ ನಮ್ಮಲ್ಲಿ ಮಾವಿನ ಕಾಲ, ಅಲ್ಲಿ ಇನ್ನೂ ಹಿಮ. ಆದ್ದರಿಂದ ಇಷ್ಟು ನೆನಪಿಡಿ.

'ಇಲ್ಲಿ ನಿಲ್ಲಬೇಡಿ' ಅಂತ ಬೋರ್ಡ್ ಇದ್ದ ಕಡೆ ಫೋಟೋಗೂ ನಿಲ್ಲಬೇಡಿ. ಮರಗಳೇ ಇಲ್ಲದ, ಮೇಲಿಂದ ಕೆಳಗೆ ಬೋಳಾದ ಪಟ್ಟಿ ಕಂಡರೆ ಬೋರ್ಡ್ ಇಲ್ಲದಿದ್ದರೂ ಅದು ಹಿಮದ ದಾರಿ. ಮುಂದೆ ಹಿಮ ಬಿದ್ದು ರಸ್ತೆ ಕಟ್ಟಿದ್ದರೆ ಅದರ ಹತ್ತಿರ ಹೋಗಿ ನೋಡಬೇಡಿ, ಹಿಂದಕ್ಕೆ ಸುರಕ್ಷಿತ ಜಾಗಕ್ಕೆ ಹೋಗಿ. ಪಕ್ಕದ ಇಳಿಜಾರು ಇನ್ನೂ ಬಾಕಿ ಇರಬಹುದು. ಅಪಾಯದ ಜಾಗ ದಾಟುವಾಗ ಗಾಡಿಗಳ ನಡುವೆ ಅಂತರ ಇರಲಿ, ಹಿಮ ಬಂದರೂ ಎಲ್ಲ ಗಾಡಿ ಒಟ್ಟಿಗೆ ಸಿಕ್ಕಬಾರದು. ವಸಂತದಲ್ಲಿ ಬೆಳಿಗ್ಗೆ ಬೇಗ ದಾಟಿ, ರಾತ್ರಿ ಹೆಪ್ಪುಗಟ್ಟಿದ ಹಿಮ ಆಗ ಬಿಗಿಯಾಗಿರುತ್ತೆ. ಮಧ್ಯಾಹ್ನದ ಬಿಸಿಲಿಗೆ ಸಡಿಲ. ಕಾರು ಹಿಮದಲ್ಲಿ ಹೂತರೆ ಮೊದಲು ಎಂಜಿನ್ ಆಫ್ ಮಾಡಿ. ಹೊಗೆ ಕೊಳವೆ ಮುಚ್ಚಿದ್ದರೆ ವಿಷದ ಅನಿಲ ಒಳಗೇ ಬರುತ್ತೆ. ಬರೀ ಹಿಮ ಬಿದ್ದು ಟ್ರಾಫಿಕ್ಕಿನಲ್ಲಿ ರಾತ್ರಿ ಕಳೆಯುವಾಗಲೂ ಇದೇ ಮಾತು. ಹೀಟರ್ ಹಾಕಿಕೊಂಡು ಮಲಗಬೇಡಿ, ಆಗಾಗ ಇಳಿದು ಸೈಲೆನ್ಸರ್ ಸುತ್ತ ಹಿಮ ತೆಗೆಯಿರಿ, ಕಿಟಕಿ ಒಂದಿಷ್ಟು ತೆರೆದಿರಲಿ.

ಈ ಕೆಲಸಕ್ಕೆ ಸೇರೋದು ಹೇಗೆ?

ಪುಣೆಯ, ಹೈದರಾಬಾದಿನ ಎಷ್ಟೋ ಹುಡುಗ ಹುಡುಗಿಯರು ಕೇಳ್ತಾರೆ. ಡಿ.ಆರ್.ಡಿ.ಒ. ತನ್ನ ಟೆಕ್ನಿಷಿಯನ್ ಹುದ್ದೆಗಳನ್ನು ಸೆಪ್ಟಾಮ್ ಪರೀಕ್ಷೆಯ ಮೂಲಕ ತುಂಬುತ್ತದೆ. ಭೌತಶಾಸ್ತ್ರ, ಭೂಗೋಳ, ಸಿವಿಲ್ ಓದಿದವರಿಗೆ ಸಂಶೋಧನೆಯ ದಾರಿಯೂ ಇದೆ. ಅದಕ್ಕೆ ಮೊದಲು ಉತ್ತರಕಾಶಿ, ಮನಾಲಿ, ಡಾರ್ಜಿಲಿಂಗ್, ಪಹಲ್‌ಗಾಮ್‌ಗಳಲ್ಲಿರುವ ಪರ್ವತಾರೋಹಣ ಸಂಸ್ಥೆಗಳ ಸುಮಾರು ಒಂದು ತಿಂಗಳ ಮೂಲ ಕೋರ್ಸ್ ಮಾಡಿ ನೋಡಿ. ಚಳಿ, ಎತ್ತರ ನಿಮ್ಮ ದೇಹಕ್ಕೆ ಒಗ್ಗುತ್ತಾ ಅಂತ ಅಲ್ಲೇ ಗೊತ್ತಾಗುತ್ತೆ. ಹಿಮ ನೋಡದ ಊರಲ್ಲಿ ಹುಟ್ಟಿದ್ದು ಅಡ್ಡಿ ಅಲ್ಲ. ಅಳತೆಯನ್ನು ಇದ್ದ ಹಾಗೆ ಬರೆಯುವ ಅಭ್ಯಾಸ, ಎದುರಿಗೆ ಎಷ್ಟೇ ದೊಡ್ಡ ಅಧಿಕಾರಿ ನಿಂತಿದ್ದರೂ 'ಇವತ್ತು ಬೇಡ ಸರ್' ಅನ್ನುವ ಗಂಟಲು, ಇವೆರಡು ಬೇಕು.

ಈ ಚಳಿಗಾಲ ಹೊರಡೋರು ಗಾಡಿ ಹತ್ತುವ ಮೊದಲು ಆ ದಿನದ ಎಚ್ಚರಿಕೆ ನೋಡಿ, ಹೋಟೆಲ್ ಬುಕಿಂಗಿನಲ್ಲಿ ಒಂದೆರಡು ದಿನ ಹೆಚ್ಚಿಗೆ ಇಟ್ಟುಕೊಳ್ಳಿ. ಗೇಟ್ ಹಾಕಿದ್ದರೆ ಬಿಸಿ ಚಹಾ ತಗೊಂಡು ಕಾಯಿರಿ.